ಸ್ಕೂಬಾಕ್ಕ ಹೋಗೋರು ಕ್ಯಾಮರಾಕ್ಕ ಹಗ್ಗ ಕಟ್ಕೊಂಡ ಇಳೀರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪೇಪರಿನ ಪ್ರವಾಸದ ಪುಟದಾಗ ಸ್ಕೂಬಾ ಡೈವಿಂಗ್, ಅಂದ್ರ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ನೀರಾಗ ಮುಳುಗೂದರ ಬಗ್ಗೆ ಬರೂ ಲೇಖನ ತಪ್ಪದ ಓದ್ತೀನಿ. ಎಷ್ಟು ರೊಕ್ಕ, ಎಲ್ಲಿ ಉಳಕೋಬೇಕು, ಊಟ ಎಲ್ಲಿ ಚೊಲೊ, ಎಲ್ಲಾ ಇರ್ತೈತಿ, ಆದ್ರ ಕೈಯಾಗಿನ ಕ್ಯಾಮರಾ ಹೆಂಗ ಕಾಯ್ಕೋಬೇಕು ಅನ್ನೂದು ಯಾರೂ ಬರ್ಯೂದಿಲ್ಲ, ಅದಕ್ಕ ಈ ಪತ್ರ. ಮಳೆಗಾಲ ಮುಗದು ಅಕ್ಟೋಬರ್ ಬಂತಂದ್ರ ನಮ್ಮ ಬೆಳಗಾವಿ ಹುಡುಗ್ರು ಶನಿವಾರ ಆಂಬೋಲಿ ಘಾಟ ಇಳದು ಸಾವಂತವಾಡಿ, ಕುಡಾಳ ದಾಟಿ ಮಾಲವಣಕ್ಕ ಹೋಗ್ತಾರ, ಕೆಲವ್ರು ಚೋರ್ಲಾ ಮ್ಯಾಲಿಂದ ಗೋವಾ, ಇನ್ನ ಕೆಲವ್ರು ಮುರ್ಡೇಶ್ವರಕ್ಕ ಹೋಗಿ ಅಲ್ಲಿಂದ ಬೋಟ್ ಹತ್ತಿ ನೇತ್ರಾಣಿ ದ್ವೀಪಕ್ಕ. ಈಗ ಭಾಳ ಮಂದಿ ಕೈಯಾಗ ಗೋಪ್ರೋ ಇಲ್ಲಾ ಡಿಜೆಐ ಆಕ್ಷನ್ ಕ್ಯಾಮರಾ ಇರ್ತೈತಿ, 30-40 ಸಾವಿರದ ಸಾಮಾನು, ತೂಕ ನೋಡಿದ್ರ 150 ಗ್ರಾಂ ಆಸುಪಾಸು, ಅಂಗೈಯಾಗ ಕುಂಡ್ರತೈತಿ, ಬಿಟ್ರ ಸೀದಾ ತಳಕ್ಕ.

ಆಳಕ್ಕ ಹೋದಾಗ ಕಳೀತೈತಿ ಅಂತ ಮಂದಿ ತಿಳಕೊಂಡಾರ. ನಾ ನೋಡಿದ ಮಟ್ಟಿಗೆ ಹಂಗಲ್ರಿ, ಹೆಚ್ಚಿಗಿ ಹೋಗೂದು ಬೋಟಿನಿಂದ ನೀರಿಗೆ ಬೀಳುವಾಗ, ಇಲ್ಲಾ ತಿರುಗಿ ಏಣಿ ಹತ್ತುವಾಗ. ಬೋಟಿನ ಅಂಚಿಗೆ ಕುಂತು ಹಿಂದಕ್ಕ ಉರುಳಿ ಬೀಳ್ತಾರಲ್ಲ, ಬ್ಯಾಕ್ ರೋಲ್, ಆ ಹೊಡತಕ್ಕ ಮಾಸ್ಕ್ ಹಾರಬಾರದು ಅಂತ ಕೈಲೆ ಒತ್ತಿ ಹಿಡೀರಿ ಅಂತ ಕಲಸ್ತಾರ, ಹಂತಾದ್ರಾಗ ತಲಿಗೆ ಇಲಾಸ್ಟಿಕ್ ಪಟ್ಟಿ ಹಾಕಿ ಅದರ ಮ್ಯಾಲ ಕ್ಯಾಮರಾ ಕುಂಡ್ರಿಸಿದ್ರ ಅದು ಉಳೀತೈತೇನು? ನಮ್ಮ ಓಣಿ ಹುಡುಗ ಒಬ್ಬಾಂವ ಹಿಂಗ ಬಿದ್ದ. ಮ್ಯಾಲ ತೇಲಿ ಬರೂದ್ರಾಗ ಪಟ್ಟಿ ಜಾರಿ ಕೊಳ್ಳಾಗ ಬಂದಿತ್ತು, ಬಕಲ್ ಖಾಲಿ. ಗೊತ್ತಾದ ಕೂಡಲೆ ತಲಿ ಕೆಳಗ ಮಾಡಿ ಒಬ್ಬನ ಇಳ್ಯಾಕ ಹತ್ತಿದ, ಇನ್‌ಸ್ಟ್ರಕ್ಟರ್ ಹಿಂದಿಂದ ಅವನ ಸಿಲಿಂಡರಿನ ವಾಲ್ವ್ ಹಿಡದು ಎಳದು ತಂದ. ಕ್ಯಾಮರಾ ಹೋತು, ಹುಡುಗ ಉಳದ. ನನಗ ಈ ಪತ್ರ ಬರೀಬೇಕು ಅನಿಸಿದ್ದು ಕ್ಯಾಮರಾ ಹೋಗಿದ್ದಕ್ಕಲ್ಲ, ಆ ಹುಡುಗ ಅದರ ಹಿಂದ ಹೊಂಟಿದ್ದಕ್ಕ.

ಈಗ ಅಂಗಡಿಯವ್ರು ಏನ್ ಮಾರ್ತಾರಪಾ ಅಂದ್ರ ಕಿತ್ತಳಿ ಬಣ್ಣದ ತೇಲೂ ಹಿಡಿಕಿ, ಫ್ಲೋಟರ್, ಇದೊಂದು ತಗೊಂಡ್ರ ಚಿಂತಿನ ಇಲ್ಲ ಅಂತಾರ. ಸ್ನಾರ್ಕೆಲಿಂಗ್, ಅಂದ್ರ ನೀರಿನ ಮ್ಯಾಲ ತೇಲ್ಕೋತ ಕೊಳವ್ಯಾಗ ಉಸಿರಾಡಿ ಕೆಳಗ ನೋಡೂದು, ಮಾಡೋರಿಗೆ ಅದು ಖರೇನ ಚೊಲೊ, ಕೈ ಬಿಟ್ರ ಕಣ್ಣ ಮುಂದ ತೇಲ್ತೈತಿ, ಹಿಡಕೋಬಹುದು. ಸ್ಕೂಬಾದಾಗ ಲೆಕ್ಕ ಉಲ್ಟಾ. 10 ಮೀಟರ್ ಕೆಳಗ ಇದ್ದಾಗ ಕೈ ಜಾರಿತು ಅಂದ್ರ ಅದು ಸೊಂಯ್ಯಂತ ಮ್ಯಾಲ ಹೋಗ್ತೈತಿ, ನೀರಿನ ಸೆಳವು ಅದನ್ನ ಎಲ್ಲಿಗೋ ಒಯ್ತೈತಿ, ನೀವು ಅದರ ಹಿಂದ ಹೋಗಾಕ ಬರೂದಿಲ್ಲ. 10 ಮೀಟರಿನ್ಯಾಗ ಒತ್ತಡ ಮ್ಯಾಲಿನಕಿಂತ ಎರಡ ಪಟ್ಟು ಇರ್ತೈತಿ, ಅಲ್ಲಿ ಎದಿ ತುಂಬ ಎಳಕೊಂಡ ಉಸಿರು ಮ್ಯಾಲ ಬರೂದ್ರಾಗ ಎರಡ ಪಟ್ಟು ಹಿಗ್ಗತೈತಿ, ಗಾಬರಿಯಾಗಿ ಉಸಿರು ಬಿಗಿ ಹಿಡದು ಏರಿದ್ರ ಶ್ವಾಸಕೋಶ ಹರದು ಜೀವಕ್ಕ ಬರ್ತೈತಿ. ಅದಕ್ಕ ಮಿನಿಟಿಗೆ 9 ಮೀಟರಿಗಿಂತ ಜೋರ ಏರಬ್ಯಾಡ್ರಿ ಅಂತ ಕಲಸ್ತಾರ, ಅದರ ಜೋಡಿ 5 ಮೀಟರಿನ್ಯಾಗ 3 ಮಿನಿಟ ನಿಲ್ರಿ ಅಂತನೂ ಹೇಳ್ತಾರ. ತೇಲೂ ಕ್ಯಾಮರಾ ಈ ಯಾವ ನಿಯಮಾನೂ ಕೇಳೂದಿಲ್ಲ.

ಹಂಗಾದ್ರ ಮಣಿಕಟ್ಟಿನ ಪಟ್ಟಿ? ಅದೂ ಅರ್ಧಂಬರ್ಧ. ನೀರಾಗ ಕೈಗೆ ಕೆಲಸ ಭಾಳ ಇರ್ತಾವ, ಕಿವಿ ಒತ್ತಿದ್ರ ಮೂಗ ಹಿಡದು ಊದಬೇಕು, ಮಾಸ್ಕಿನ್ಯಾಗ ನೀರ ಬಂದ್ರ ತಗೀಬೇಕು, ಬಿಸಿಡಿ ಅಂದ್ರ ಆ ಗಾಳಿ ಜಾಕೀಟಿನ ಗುಂಡಿ ಒತ್ತಬೇಕು. ಆ ಹೊತ್ತಿನ್ಯಾಗ ಕೈಯಾಗ ಕ್ಯಾಮರಾ ಜೋತಾಡ್ತಿದ್ರ ಒಂದು ಕೆಲಸ ಕೆಡ್ತೈತಿ, ಇಲ್ಲಾ ಪಟ್ಟಿ ಒದ್ದಿ ಕೈಯಿಂದ ಜಾರ್ತೈತಿ. ಕ್ಯಾಮರಾ ಕಟ್ಟೂ ಜಾಗ ಕೈ ಅಲ್ಲ, ಜಾಕೀಟಿನ ಹೆಗಲಿನ ಹತ್ರ ಇರೂ ಸ್ಟೀಲಿನ ಬಳಿ, ಡಿ-ರಿಂಗ್ ಅಂತಾರ. ಲ್ಯಾನ್ಯಾರ್ಡ್ ಅಂತ ಸುರುಳಿ ಸುರುಳಿ ಹಗ್ಗ ಬರ್ತೈತಿ, ಎಳದ್ರ ಉದ್ದ ಆಗ್ತೈತಿ, ಬಿಟ್ರ ಮೈಗೆ ಅಂಟಿಕೊಂಡಿರ್ತೈತಿ, ಅದರ ಒಂದ್ ತುದಿ ಆ ಬಳಿಗೆ ಸಿಗಸ್ರಿ. ಉದ್ದ ಜೋಲಾಡೂ ಹಗ್ಗ ಬ್ಯಾಡ, ಹವಳಕ್ಕ ಬಡೀತೈತಿ, ನಿಮ್ಮ ಜೋಡಿದಾರನ ಉಸಿರಿನ ಪೈಪಿಗೆ ಸುತ್ತಿಕೊಳ್ತೈತಿ.

ಕೊಂಡಿ ವಿಷಯದಾಗ ನಾ ಸ್ವಲ್ಪ ಹಠಮಾರಿ. ಗುಡ್ಡ ಹತ್ತೋರು ಬಳಸೂ ಒಳಗ ಒತ್ತಿದ್ರ ತಗ್ಯೂ ಕ್ಯಾರಬೈನರ್ ನೀರಿಗೆ ಬ್ಯಾಡ್ರಿ. ಮೀನಿನ ಬಲಿಯ ಎಳಿ ಅದರ ಬಾಯಿಗೆ ತಾಕಿದ್ರ ತಾನ ಒಳಗ ಹೊಕ್ಕು ಕುಂಡ್ರತೈತಿ, ಹೊರಗ ಬರೂದಿಲ್ಲ, ಮತ್ತ ಕೊಂಕಣ ಕರಾವಳ್ಯಾಗ ಬಲಿ ಇಲ್ಲದ ಜಾಗ ಎಲ್ಲೈತಿ. ಬೋಲ್ಟ್ ಸ್ನ್ಯಾಪ್ ಬೇಕು, ನಾಯಿ ಬೆಲ್ಟಿಗೆ ಇರ್ತೈತಲ್ಲ, ಬೆರಳಿಲೆ ಹಿಂದಕ್ಕ ಜಗ್ಗಿದ್ರ ಅಷ್ಟ ತಗ್ಯೂದು, ಅದು. ಹಾರ್ಡ್‌ವೇರ್ ಅಂಗಡ್ಯಾಗ ಸಿಗೂದು ಬರೇ ಮೇಲ್ಲೇಪದ್ದು, ಉಪ್ಪನೀರಿಗೆ ಜಂಗ ಹಿಡದು ಸ್ಪ್ರಿಂಗ್ ಗಟ್ಟಿ ಆಗ್ತೈತಿ, ಸ್ಟೇನ್‌ಲೆಸ್ ಸ್ಟೀಲಿನದ ಕೇಳಿ ತಗೋರಿ. ಮತ್ತ ಹಗ್ಗ ಎಲ್ಲರ ಸಿಕ್ಕೊಂಡ್ರ ಒಂದ ಕೈಲೆ ಬಿಚ್ಚಿ ಬಿಡಾಕ ಬರೂ ಹಂಗ ನಡುವ ಒಂದು ಬಕಲ್ ಇರಲಿ, ಆ ಹೊತ್ತಿನ್ಯಾಗ ಕ್ಯಾಮರಾ ಹೋದ್ರ ಹೋಗ್ಲಿ.

ಇನ್ನೊಂದು, ಇದು ಭಾಳ ಮಂದಿಗೆ ಹೊಳ್ಯೂದಿಲ್ಲ. ಹಗ್ಗ ಹಿಡಿಕಿಗೆ ಕಟ್ಟಿರ್ತಾರ, ಕ್ಯಾಮರಾ ಹಿಡಿಕಿಗೆ ಒಂದು ಪ್ಲಾಸ್ಟಿಕ್ ಸ್ಕ್ರೂದಿಂದ ನಿಂತಿರ್ತೈತಿ. ಸ್ಕ್ರೂ ಸಡಲ ಆತು ಅಂದ್ರ ಹಿಡಿಕಿ ನಿಮ್ಮ ಹತ್ರ, ಕ್ಯಾಮರಾ ತಳದಾಗ, ಕೊಡದ ಕೊಳ್ಳಿಗೆ ಕಟ್ಟೂದು ಬಿಟ್ಟು ಮುಚ್ಚಳಕ್ಕ ಹಗ್ಗ ಕಟ್ಟಿ ಬಾವ್ಯಾಗ ಬಿಟ್ಟಂಗ. ಅದಕ್ಕ ಕ್ಯಾಮರಾಕ್ಕ ನೀರ ಹೋಗದಂಗ ಹಾಕೂ ಹೌಸಿಂಗ್ ಡಬ್ಬಿಗೇ ಸೀದಾ ಒಂದು ಸಣ್ಣ ಗಟ್ಟಿ ದಾರ ಸುತ್ತಿ ಲ್ಯಾನ್ಯಾರ್ಡಿಗೆ ಸೇರಸ್ರಿ. ಡಬ್ಬಿ ಇಲ್ಲದ ಇಳ್ಯಾವ್ರು ಇದ್ರ, ಗೋಪ್ರೋ ತಾನಾಗಿ ತಡಕೊಳ್ಳೂದು 10 ಮೀಟರ್ ಅಷ್ಟ, ಡೈವ್ ಹೌಸಿಂಗ್ ಹಾಕಿದ್ರ 60 ಮೀಟರ್, ಹಂಗಾಗಿ ಡಬ್ಬಿ ದಾರ ಕಟ್ಟಾಕೂ ಬೇಕು, ಆಳಕ್ಕ ಹೋಗಾಕೂ ಬೇಕು. ಕ್ಯಾಮರಾ ಕುಂಡ್ರಿಸೂ ಮೌಂಟಿನ್ಯಾಗ ಒತ್ತಿದ್ರ ಬಿಚ್ಚೂ ಬಕಲ್ ಇರೂ ಕೆಲವಕ್ಕ ಕಂಪನಿಯವ್ರು ಒಂದು ಸಣ್ಣ ರಬ್ಬರ್ ಬಿರಡಿ ಕೊಟ್ಟಿರ್ತಾರ, ಬಕಲಿನ ಎರಡು ಕಾಲಿನ ನಡುವ ತುರುಕಿದ್ರ ಅವು ಒಳಗ ಬಾಗೂದಿಲ್ಲ. ಹೆಚ್ಚಿನವ್ರು ಅದು ಏನಂತ ತಿಳೀದ ಪ್ಯಾಕಿಂಗ್ ಬಾಕ್ಸಿನ್ಯಾಗ ಬಿಟ್ಟಿರ್ತಾರ. ಅಂಟಿನ ಮೌಂಟ್ ಅಂದ್ರ ಅಂಟಿಸಿ 24 ತಾಸು ಬಿಡಬೇಕು, ಬೋಟಿನ್ಯಾಗ ಕುಂತು ಅಂಟಿಸಿದ್ರ ಮೊದಲ ಜಿಗಿತಕ್ಕ ಹೋಗ್ತೈತಿ.

ಬ್ಲೂಟೂತ್ ಟ್ರ್ಯಾಕರ್ ಕಟ್ಟಿದ್ರ ಹುಡಕಬಹುದಲ್ಲ ಅಂತ ಕೇಳೋರು ಅದಾರ. ನೀರಾಗ ಆ ಸಿಗ್ನಲ್ ದಾಟೂದಿಲ್ಲ, ಜಿಪಿಎಸ್ಸೂ ಇಲ್ಲ, ರೊಕ್ಕ ದಂಡ. ಅದರ ಬದ್ಲಿ ಕಪ್ಪ ಡಬ್ಬಿಗೆ ಪಳಪಳ ಹೊಳ್ಯೂ ಫ್ಲೋರೊಸೆಂಟ್ ಹಳದಿ ಟೇಪ್ ಸುತ್ರಿ. ಸಾದಾ ಕೆಂಪ ಬ್ಯಾಡ, ಕೆಂಪ ಬಣ್ಣ ನೀರಾಗ ಎಲ್ಲಕ್ಕಿಂತ ಮೊದಲ ಮಾಯ ಆಗ್ತೈತಿ, ನಾಕೈದ ಮೀಟರ್ ಕೆಳಗ ಹೋದ್ರ ಮಾಸಲು ಕಾಣ್ತೈತಿ.

ಬಿದ್ದ ಬಿಟ್ತು ಅನ್ರಿ. ಗೈಡಿಗೆ ಕೈ ಸನ್ನಿ ಮಾಡಿ ತೋರಸ್ರಿ, ಅವರು ಹೇಳಿದಷ್ಟ ಮಾಡ್ರಿ. ಹುಡಕೂದು ಅಂದ್ರ ಅದೊಂದು ಬ್ಯಾರೆ ತರಬೇತಿ ಐತಿ, ತಳದಾಗ ಒಂದು ಜಾಗಕ್ಕ ಹಗ್ಗ ಹಿಡದು ಸುತ್ತ ಸುತ್ತ ಹೋಗೂದು, ಬಂದೋರೆಲ್ಲಾ ಮಾಡೂದಲ್ಲ. ಮ್ಯಾಲ ಬಂದ ಕೂಡಲೆ ಬೋಟಿನವ್ರಿಗೆ ಹೇಳಿ ಮೊಬೈಲಿನ್ಯಾಗ ಆ ಜಾಗದ ಲೊಕೇಶನ್ ಉಳಿಸಿಟ್ರ ಮುಂದಿನ ಬ್ಯಾಚಿನವ್ರಿಗೆ ಸಿಕ್ಕರೂ ಸಿಗಬಹುದು.

ಡೈವಿಂಗ್ ಸೆಂಟರ್ ನಡಸೋರಿಗೆ ನಿಮ್ಮ ಪೇಪರಿನ ಮೂಲಕ ಕೇಳ್ಕೋತೀನಿ, ಬೋಟಿನ್ಯಾಗ ನಾಕೈದು ಲ್ಯಾನ್ಯಾರ್ಡ್ ಬಾಡಗಿಗೆ ಇಡ್ರಿ, ಕ್ಯಾಮರಾ ತಲಿಗೆ ಕಟ್ಕೊಂಡು ಜಿಗ್ಯಾಕ ಬಿಡಬ್ಯಾಡ್ರಿ. ಮೊದಲ ನೀರಿಗೆ ಇಳೀಲಿ, ಆಮ್ಯಾಲ ಬೋಟಿನಿಂದ ಕ್ಯಾಮರಾ ಕೈಗೆ ಕೊಡ್ರಿ, ತಿರುಗಿ ಬರುವಾಗ ಏಣಿ ಮುಟ್ಟೂಕಿಂತ ಮೊದಲ ಇಸಗೊಳ್ರಿ. ಮತ್ತ ಜೀವನದಾಗ ಮೊದಲ ಸಲ ಇಳ್ಯೂ ಮಂದಿಗೆ ಕ್ಯಾಮರಾ ಬ್ಯಾಡ ಅಂತ ಗಟ್ಟಿಯಾಗಿ ಹೇಳ್ರಿ, ಹೆಂಗೂ ನಿಮ್ಮವ್ರ ವಿಡಿಯೋ ಮಾಡಿ ಕೊಡ್ತೀರಿ. ಅಂಥಾವರು ಉಸಿರಾಡೂದರ ಕಡೆ ಲಕ್ಷ್ಯ ಕೊಟ್ರ ಸಾಕು.

ಸಂಪಾದಕರ, ಈ ಸೀಜನ್ನಿಗೆ ಪ್ರವಾಸದ ಪುಟ ಮಾಡುವಾಗ ಇದರಾಗಿಂದ ಒಂದಿಷ್ಟು ಒಂದು ಬಾಕ್ಸಿನ್ಯಾಗ ಹಾಕ್ರಿ. ಅದರ ಜೋಡಿ ಇದನ್ನೂ ಸೇರಸ್ರಿ: ಹೊಂಡೂಕಿಂತ ಮೊದಲ ಕ್ಯಾಮರಾದ ಮೆಮರಿ ಕಾರ್ಡ್ ಖಾಲಿ ಮಾಡಿ, ಒಂದು ಹಾಳಿ ಮ್ಯಾಲ ಹೆಸರು ಫೋನ್ ನಂಬರ್ ದೊಡ್ಡದಾಗಿ ಬರದು ಅದರ ಫೋಟೋ ಮೊದಲ ತಗೀಬೇಕು. ಕ್ಯಾಮರಾ ಕೆಟ್ಟಿದ್ರೂ ಕಾರ್ಡ್ ಬದುಕಿರೂದು ಐತಿ, ಸಿಕ್ಕಾಂವ ತಗದು ನೋಡಿದ್ರ ಮೊದಲ ಕಾಣೂದು ನಿಮ್ಮ ನಂಬರ್.

ಇಂತಿ ನಿಮ್ಮ ಓದುಗ,
ಟಿಳಕವಾಡಿ, ಬೆಳಗಾವಿ