ಹಿಂಗಾರಿಯ ಬೇರು: ಮಗಳಿಗೊಂದು ಪತ್ರ

ಬೆಟಗೇರಿ,
ಜನವರಿ ತಿಂಗಳ ಎರಡನೆಯ ಆದಿತ್ಯವಾರ, ಸಂಜೆ

ಪ್ರೀತಿಯ ಮಗಳೇ,

ಕಳೆದ ವಾರ ಜರ್ಮನಿಯಿಂದ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಆಗಲೇ ಉತ್ತರ ಕೊಡಲಿಲ್ಲ. ರಾತ್ರಿ ಪಾಳಿ ಮುಗಿಸಿ ಕೋಣೆಗೆ ಬಂದು ಸತ್ಯವೇದ ತೆರೆದರೆ ಅಕ್ಷರಗಳು ಕಾಣುತ್ತವೆಯೇ ಹೊರತು ಒಂದು ಮಾತೂ ಒಳಗೆ ಇಳಿಯುವುದಿಲ್ಲ, ಪ್ರಾರ್ಥನೆಗೆ ಕುಳಿತರೆ ಗೋಡೆಯೊಡನೆ ಮಾತನಾಡಿದಂತಾಗುತ್ತದೆ, ಹೀಗಿರುವಾಗ ಭಾಷೆಯೂ ಪೂರ್ತಿ ತಿಳಿಯದ ಚರ್ಚಿಗೆ ಹೋಗಿ ಕುಳಿತುಕೊಳ್ಳುವುದು ಬೂಟಾಟಿಕೆಯಲ್ಲವೇ ಎಂದೆ. ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡ ನಿನ್ನ ಅವ್ವ ಗಾಬರಿಯಾದಳು. ನನಗೆ ಗಾಬರಿಯಾಗಲಿಲ್ಲ, ಆದರೆ ಅದು ಫೋನಿನಲ್ಲಿ ಹೇಳಿ ಮುಗಿಸುವಂಥ ಮಾತಾಗಿರಲಿಲ್ಲ.

ನಮ್ಮ ಎರೆ ಹೊಲದ ಮೂಲೆಯಲ್ಲಿ ಈಗ ಕೃಷಿ ಹೊಂಡ ತೆಗೆಸುತ್ತಿದ್ದೇನೆ. ಮೊನ್ನೆ ಜೆಸಿಬಿ ಅರ್ಧ ಗುಂಡಿ ತೆಗೆದು ನಿಂತಾಗ ನಾನು ಒಳಗಿಳಿದು ನೋಡಿದೆ. ಮೇಲಿನ ಮಣ್ಣು ಬಿರಿದು, ಅಂಗೈ ತೂರುವಷ್ಟು ಅಗಲದ ಸೀಳುಗಳು ಬಿದ್ದಿದ್ದವು. ಮಳೆ ನಿಂತು ಎರಡು ತಿಂಗಳ ಮೇಲಾಗಿದೆ. ಆದರೆ ನನ್ನ ಎದೆಮಟ್ಟದ ಆಳದಲ್ಲಿ ಮಣ್ಣು ಇನ್ನೂ ಕಪ್ಪಗೆ, ತಣ್ಣಗೆ ಇತ್ತು. ಅಂಚಿನಲ್ಲಿದ್ದ ಒಂದು ಕುಸುಬೆ ಗಿಡದ ತಾಯಿಬೇರು ಒಣಮಣ್ಣನ್ನೆಲ್ಲ ದಾಟಿ ಅಲ್ಲಿಯವರೆಗೆ ಇಳಿದು, ನೂಲಿನಷ್ಟು ಸಣ್ಣದಾಗಿ, ಆ ತೇವದಲ್ಲಿ ತುದಿಯೂರಿತ್ತು. ಮೇಲೆ ನೋಡಿದರೆ ಮುಳ್ಳು ತುಂಬಿದ ಮೊಣಕಾಲೆತ್ತರದ ಗಿಡ, ಯಾರೂ ಎರಡನೆಯ ಸಲ ತಿರುಗಿ ನೋಡುವಂಥದ್ದಲ್ಲ. ಹಿಂಗಾರಿಯ ಬೆಳೆ ಬರುವುದು ಮಳೆಯಿಂದಲ್ಲ, ಹಿಂದೆ ಬಿದ್ದ ಮಳೆಯನ್ನು ಎರೆಮಣ್ಣು ಹಿಡಿದಿಟ್ಟುಕೊಂಡದ್ದರಿಂದ ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೆನಾದರೂ ಕಣ್ಣಿಂದ ಕಂಡದ್ದು ಇದೇ ಮೊದಲು.

ಮತ್ತಾಯನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಬಿತ್ತುವವನ ಸಾಮ್ಯದ ಕಥೆಯಿದೆಯಲ್ಲ, ಸಂಡೇ ಸ್ಕೂಲಿನಲ್ಲಿ ನೀವು ಅದನ್ನು ನಾಟಕವಾಗಿ ಆಡಿದ್ದಿರಿ. ನೀನು ಹಕ್ಕಿಯಾಗಿ ಕಾಳು ಹೆಕ್ಕಿದ್ದೆ. ಅಲ್ಲಿ ಬಂಡೆಯ ಮೇಲೆ ಬಿದ್ದ ಬೀಜವೇ ಬೇಗನೆ ಮೊಳೆಯುತ್ತದೆ ಎಂಬುದನ್ನು ನಾವು ಗಮನಿಸದೆ ಓದಿಬಿಡುತ್ತೇವೆ. ಮಣ್ಣು ಆಳವಿಲ್ಲದ ಕಾರಣದಿಂದಲೇ ಅದು ಬೇಗ ಮೇಲೆ ಬಂತು, ಬೇರಿಲ್ಲದ ಕಾರಣದಿಂದಲೇ ಬಿಸಿಲಿಗೆ ಒಣಗಿತು. ದೊಡ್ಡ ಪೆಂಡಾಲು ಹಾಕಿ, ಮೈಕು ಹಚ್ಚಿ, ಮೂರು ರಾತ್ರಿ ಜನರನ್ನು ಅಳಿಸಿ ಎಬ್ಬಿಸುವ ಕೂಟಗಳ ಬಗ್ಗೆ ನನಗಿರುವ ಅನುಮಾನ ನಿನಗೆ ಗೊತ್ತೇ ಇದೆ. ಅಲ್ಲಿ ದೇವರು ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುವುದಿಲ್ಲ, ನಾಲ್ಕನೆಯ ಬೆಳಗ್ಗೆ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಮನಸ್ಸು ಒಣಗಿದೆ ಎಂದ ಮಾತ್ರಕ್ಕೆ ಬೇರು ಸತ್ತಿದೆ ಎಂದು ನೀನು ತೀರ್ಮಾನಿಸಬೇಡ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನೀನು ಹುಟ್ಟುವುದಕ್ಕೆ ಮೊದಲು ನಿನಗೊಬ್ಬ ಅಣ್ಣ ಇದ್ದ, ಒಂಬತ್ತು ದಿನ ಬದುಕಿದ್ದ ಎಂಬುದು ನಿನಗೆ ತಿಳಿದಿದೆ. ಅದಾದ ಮೇಲೆ ಹೆಚ್ಚುಕಡಿಮೆ ಎರಡು ವರ್ಷ ನಾನು ಪ್ರಾರ್ಥಿಸಲಿಲ್ಲ ಎಂಬುದನ್ನು ಮಾತ್ರ ನಿನಗೆ ಯಾರೂ ಹೇಳಿಲ್ಲ. ದೇವರಿಲ್ಲ ಎಂದು ಅನ್ನಿಸಿರಲಿಲ್ಲ. ಇದ್ದಾನೆ, ಆದರೆ ಅವನೊಡನೆ ನನಗೆ ಮಾತಿಲ್ಲ ಎಂಬಂತೆ ಇದ್ದೆ. ಆದಿತ್ಯವಾರ ನಿನ್ನ ಅವ್ವನನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆ. ಒಂದು ದಿನ ನಮ್ಮ ಹಿರಿಯ ಸಭಾಪಾಲಕರು ನಿಲುವಂಗಿ ತೊಟ್ಟವರು ಹಾಗೆಯೇ ಹೊರಗೆ ಬಂದರು. ಬುದ್ಧಿ ಹೇಳುತ್ತಾರೆ ಎಂದು ನಾನು ಮೈ ಬಿಗಿಹಿಡಿದು ನಿಂತೆ. ಅವರು ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಮಾತೂ ಎತ್ತಲಿಲ್ಲ, ದೈವಚಿತ್ತದ ಮಾತೂ ಎತ್ತಲಿಲ್ಲ. "ಒಳಗ ಬಂದು ಕೂಡು. ನಿನಗ ಹಾಡಾಕ ಆಗಲಿಲ್ಲಂದ್ರ ಬಿಡು, ಉಳದವರು ಹಾಡ್ತಾರ" ಎಂದಷ್ಟೇ ಹೇಳಿ ತಿರುಗಿ ನಡೆದರು.

ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಎಷ್ಟೋ ತಿಂಗಳು ಬರೀ ಕುಳಿತೆ. ವಿಶ್ವಾಸಪ್ರಮಾಣವನ್ನು ಎಲ್ಲರೂ ಎದ್ದು ಹೇಳುವಾಗ ನಾನು ಎದ್ದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ, ಮತ್ತು ನಾನು ಹೇಳಲಾಗದ ಮಾತನ್ನು ಆ ನೂರು ಬಾಯಿಗಳು ನನ್ನ ಪರವಾಗಿ ಹೇಳುತ್ತಿದ್ದವು. ಅದು ಬೂಟಾಟಿಕೆಯೋ ಏನೋ ನನಗೆ ತಿಳಿಯದು. ಒಂದು ದಿನ ಕರ್ತನ ಪ್ರಾರ್ಥನೆಯ ನಡುವೆ ನನ್ನ ದನಿ ನನಗೇ ಕೇಳಿಸಿತು. ಯಾವ ವಾರದಿಂದ ಹೇಳತೊಡಗಿದ್ದೆನೋ ನೆನಪಿಲ್ಲ.

ನಿನ್ನ ಮುತ್ತಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಇಪ್ಪತ್ತಮೂರನೆಯ ಕೀರ್ತನೆಯನ್ನು ಆಕೆ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು. "ಯೆಹೋವನು ನನ್ನ ಕುರುಬನು" ಎಂಬಲ್ಲಿ ಒಂದು ಸುತ್ತು ಬಡಿತ, "ಕೊರತೆ ಪಡೆನು" ಎಂಬಲ್ಲಿ ಇನ್ನೊಂದು. ಹಿಟ್ಟು ಹರಿದರೆ ಕೀರ್ತನೆಯನ್ನು ಅಲ್ಲಿಗೇ ನಿಲ್ಲಿಸಿ, ಅಂಚನ್ನು ತಟ್ಟಿ ಕೂಡಿಸಿ, ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದಳು. ರೊಟ್ಟಿ ಬಡಿಯುವ ಮೊದಲು ಬುಟ್ಟಿಯಿಂದ ಒಂದು ಹಿಡಿ ಜೋಳ ತೆಗೆದು ಸಭೆಯ ಗಡಿಗೆಗೆ ಹಾಕಬೇಕು. ಮನೆಯಲ್ಲಿ ಜೋಳ ಕಡಿಮೆಯಿದ್ದ ವರ್ಷ ಹಿಡಿ ಸಣ್ಣದಾಯಿತಂತೆ, ತಪ್ಪಲಿಲ್ಲವಂತೆ. ಆಕೆಗೆ ಆ ಹೊತ್ತಿನಲ್ಲಿ ಏನು ಅನ್ನಿಸುತ್ತಿತ್ತು ಎಂದು ಯಾರೂ ಕೇಳಲಿಲ್ಲ, ಆಕೆಯೂ ತನ್ನನ್ನು ತಾನು ಕೇಳಿಕೊಂಡಿರಲಾರಳು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅವರು ಬಂದ ಕಥೆಯನ್ನು ನಾವು ಹಬ್ಬ ಮಾಡಿ ಹೇಳುತ್ತೇವೆ. ಹೋದ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಆ ಸಂಸ್ಥೆಯಲ್ಲಿದ್ದ ಜರ್ಮನಿಯ ಮಿಷನರಿಗಳು ಶತ್ರುದೇಶದವರಾದರು. ಅವರನ್ನು ಸೆರೆಶಿಬಿರದಲ್ಲಿಟ್ಟು, ಬಳಿಕ ಹಡಗು ಹತ್ತಿಸಿ ಕಳಿಸಿಬಿಟ್ಟರು. ಅವರೊಡನೆಯೇ ಒಣಗಿಹೋಗಬಹುದಾಗಿದ್ದ ವಿಶ್ವಾಸ ಹಾಗೇನೂ ಒಣಗಲಿಲ್ಲ. ಅಷ್ಟು ಹೊತ್ತಿಗೆ ಅದು ದೊರೆಗಳ ಧರ್ಮವಾಗಿ ಉಳಿದಿರದೆ ರೊಟ್ಟಿ ಬಡಿಯುವ ಕೈಗಳಿಗೆ ಇಳಿದಿತ್ತು ಎಂಬುದೇ ಕಾರಣವೆಂದು ನಾನು ತಿಳಿದಿದ್ದೇನೆ.

ಈಗ ನೀನು ಅವರ ನಾಡಿನಲ್ಲಿದ್ದೀ. ನಿನ್ನ ಸ್ಟುಟ್‌ಗಾರ್ಟಿನಿಂದ ಟ್ಯೂಬಿಂಗನ್ ದೂರವಿಲ್ಲ. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ರಜೆ ಸಿಕ್ಕಾಗ ಒಮ್ಮೆ ಹೋಗಿ ಬಾ. 1853ರಲ್ಲಿ ಇಪ್ಪತ್ತೊಂದು ವರ್ಷದ ಹುಡುಗನಾಗಿ ಈ ಕಡೆಗೆ ಬಂದವರು, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಕಟ್ಟಿ 1862ರಲ್ಲಿ 'ಕಥಾಮಾಲೆ'ಯಾಗಿ ಕೊಟ್ಟರು. 70,000ದಷ್ಟು ಶಬ್ದಗಳ ಕನ್ನಡ ನಿಘಂಟು ಅಚ್ಚಾಗುವ ಹೊತ್ತಿಗೆ 1894 ಆಗಿತ್ತು. ಜನರು ಅವರ ವಿದ್ವತ್ತನ್ನು ಹೊಗಳುತ್ತಾರೆ. ನನಗೆ ಬೇರೆಯೇ ಒಂದು ಯೋಚನೆ ಬರುತ್ತದೆ: ಒಂದೊಂದೇ ಶಬ್ದ, ಅದರ ಅರ್ಥ, ಪ್ರಯೋಗ, ಸಿಕ್ಕರೆ ಒಂದು ಗಾದೆ ಎಂದು ಬರೆದುಕೊಳ್ಳುತ್ತ ಹೋದ ಆ ವರ್ಷಗಳಲ್ಲಿ, ಮೇಜಿನ ಮುಂದೆ ಕುಳಿತ ಎಲ್ಲ ಬೆಳಗ್ಗೆಯೂ ಅವರಿಗೆ ಉತ್ಸಾಹ ಉಕ್ಕಿರಲು ಸಾಧ್ಯವೇ ಇಲ್ಲ.

ಆದ್ದರಿಂದ ನಾನು ನಿನ್ನಿಂದ ದೊಡ್ಡದೇನನ್ನೂ ಕೇಳುವುದಿಲ್ಲ. ಅಲ್ಲಿನ ಚರ್ಚಿನಲ್ಲಿ ಇಪ್ಪತ್ತು ಮುದುಕರು ಮಾತ್ರ ಇರುತ್ತಾರೆ ಎಂದೆಯಲ್ಲ, ಆ ಇಪ್ಪತ್ತು ಜನರ ನಡುವೆ ಹೋಗಿ ಕೂಡು. ಅವರಿಗೂ ಒಬ್ಬಳು ಹರೆಯದ ಹುಡುಗಿ ಬೇಕಾಗಿರಬಹುದು. ಉಪದೇಶ ಅರ್ಧ ತಿಳಿದರೆ ಅರ್ಧ ಸಾಕು. ಕರ್ತನ ಪ್ರಾರ್ಥನೆ ಬಂದಾಗ ಅವರು ಅವರ ಭಾಷೆಯಲ್ಲಿ ಹೇಳಲಿ, ನೀನು ಕನ್ನಡದಲ್ಲಿ ಹೇಳು. ದಿನಕ್ಕೆ ಎರಡು ವಚನಗಳನ್ನು ಗೊತ್ತುಮಾಡಿ ಕೊಡುವ 'ಲೋಸುಂಗೆನ್' ಎಂಬ ಪುಟ್ಟ ಪುಸ್ತಕ ಅಲ್ಲಿ ಸಿಗುತ್ತದೆ, ಹೆರ್ನ್‌ಹೂಟ್ ಎಂಬ ಊರಿನ ಕ್ರೈಸ್ತ ಸಭೆಯವರು 1731ರಿಂದ ಪ್ರತಿ ವರ್ಷ ಅಚ್ಚು ಹಾಕಿಸುತ್ತ ಬಂದದ್ದು; ಪಾಳಿಗೆ ಹೋಗುವ ಮುನ್ನ ಅದನ್ನು ನೋಡಿ, ಅದೇ ವಚನಗಳನ್ನು ನಮ್ಮ ಸತ್ಯವೇದದಲ್ಲಿ ಹುಡುಕಿ ಓದು. ಓದಿದ್ದು ಒಳಗೆ ಇಳಿಯಿತೋ ಇಲ್ಲವೋ ಎಂದು ದಿನವೂ ಅಗೆದು ನೋಡಬೇಡ. ಮತ್ತು ದೇವರ ಮೇಲೆ ಸಿಟ್ಟಿದ್ದರೆ ಸಿಟ್ಟನ್ನೇ ಹೇಳು. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಿಲ್ಲ.

ಸುಗ್ಗಿಯ ಕೃತಜ್ಞತಾ ಹಬ್ಬಕ್ಕೆ ಅವ್ವ ನಿನ್ನ ಹೆಸರಿನಲ್ಲಿ ಎರಡು ಸೇರು ಕುಸುಬೆ ತೆಗೆದಿಡುತ್ತೇನೆ ಎಂದಿದ್ದಾಳೆ. ಹಬ್ಬದ ಕಾಣಿಕೆಗಳ ಲಿಲಾವಿನಲ್ಲಿ ಅದನ್ನು ಯಾರಿಗೂ ಬಿಟ್ಟುಕೊಡದೆ ನಾನೇ ಹಿಡಿಯಬೇಕಂತೆ, ಗಾಣಕ್ಕೆ ಹಾಕಿಸಿ ಎಣ್ಣೆ ತೆಗೆಸಿ ನೀನು ಬರುವವರೆಗೆ ಇಡುತ್ತಾಳಂತೆ. ಕಳೆದ ವರ್ಷ ಪಕ್ಕದ ಬೆಂಚಿನವರು ನನ್ನ ಮೇಲೆ ಸವಾಲು ಹಾಕಿ ಒಂದು ಕುಂಬಳಕಾಯಿಯನ್ನು ಆರುನೂರು ರೂಪಾಯಿಗೆ ಏರಿಸಿದ್ದರು. ಈ ಸಲ ನಾಲ್ಕು ನೋಟು ಹೆಚ್ಚಿಗೆ ಇಟ್ಟುಕೊಂಡು ಹೋಗುತ್ತೇನೆ.

ನಿನ್ನ ಅಪ್ಪ