ಸಸಿಮಡಿಯಲ್ಲಿ ನಿಂತು

ಹ್ಯಾನೋವರ್, ಜರ್ಮನಿ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಗದ್ದೆಯಲ್ಲಿ ಈಗ ತೆನೆ ಬಾಗಿರಬೇಕು. ಇಲ್ಲಿ ಚಳಿ ಶುರುವಾಗಿದೆ, ಐದು ಗಂಟೆಗೆಲ್ಲ ಕತ್ತಲೆ.

ನಿನ್ನೆ ನಮ್ಮ ಜಿಯೋ600 ಯಂತ್ರವನ್ನು ಜನರಿಗೆ ತೋರಿಸುವ ಸರದಿ ನನ್ನದು. ದೂರದ ಬಾಹ್ಯಾಕಾಶದಲ್ಲಿ ಭಾರೀ ಕಾಯಗಳು ಡಿಕ್ಕಿ ಹೊಡೆದಾಗ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಹರಡುವ ಗುರುತ್ವ ಅಲೆಗಳನ್ನು ಹುಡುಕುವ ಯಂತ್ರ ಅದು. ಊರಿನಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದ ರೂಥೆ ಎಂಬ ಹಳ್ಳಿಯ ಬಳಿ, ವಿಶ್ವವಿದ್ಯಾಲಯದ ಕೃಷಿ ಜಮೀನಿನ ನಡುವೆ ಅದು ಇದೆ. ನೋಡಿದರೆ ನಿಮಗೆ ಹತ್ತಿರದ್ದೇ ಅನ್ನಿಸುತ್ತದೆ. ಹೊಲದ ಅಂಚಿನಲ್ಲಿ ಒಂದು ಕಾಲುವೆ ತೋಡಿ, ಅದರೊಳಗೆ 60 ಸೆಂಟಿಮೀಟರ್ ಅಗಲದ ಉಕ್ಕಿನ ಕೊಳವೆಯನ್ನು 600 ಮೀಟರ್ ಉದ್ದಕ್ಕೆ ಎಳೆದಿದ್ದಾರೆ. ಅದಕ್ಕೆ ಅಡ್ಡಲಾಗಿ ಅಷ್ಟೇ ಉದ್ದದ ಇನ್ನೊಂದು ಕೊಳವೆ. ಒಳಗೆ ಗಾಳಿಯಿಲ್ಲ, ಲೇಸರ್ ಬೆಳಕು ಮಾತ್ರ ಓಡಾಡುತ್ತದೆ. ಗುರುತ್ವ ಅಲೆ ಹಾದುಹೋದಾಗ ಒಂದು ತೋಳು ಚೂರು ಹಿಗ್ಗಿ ಇನ್ನೊಂದು ಚೂರು ಕುಗ್ಗುತ್ತದೆ. ಆ ವ್ಯತ್ಯಾಸವನ್ನು ಬೆಳಕು ಹೇಳುತ್ತದೆ.

ಈ ಮಾತು ಬಾಯಲ್ಲಿ ಹೇಳಿದರೆ ಯಾರಿಗೂ ಇಳಿಯುವುದಿಲ್ಲ. ಅದಕ್ಕೇ ಮೇಜಿನ ಮೇಲೆ ಪುಟ್ಟದೊಂದು ಯಂತ್ರ ಜೋಡಿಸಿಟ್ಟಿದ್ದೆ. ಒಂದು ಲೇಸರ್, ಬೆಳಕನ್ನು ಅರ್ಧ ಬಿಟ್ಟು ಅರ್ಧ ತಿರುಗಿಸುವ ಒಂದು ಗಾಜು, ಎರಡು ಕನ್ನಡಿ. ಗೋಡೆಯ ಮೇಲೆ ಕಪ್ಪು-ಕೆಂಪು ಪಟ್ಟೆಗಳು ಬೀಳುತ್ತವೆ. ಕನ್ನಡಿಯ ಬುಡವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು, ಪಟ್ಟೆಗಳು ಓಡತೊಡಗುತ್ತವೆ. ಮಕ್ಕಳು ಸಾಲು ನಿಂತು ಒತ್ತಿದರು. ಒಬ್ಬ ಹುಡುಗ ಮೂರು ಬಾರಿ ಸಾಲಿನ ಕೊನೆಗೆ ಹೋಗಿ ನಿಂತ. ಅವನ ಮುಖ ನೋಡುತ್ತಿದ್ದರೆ ಇಡೀ ದಿನ ಅಲ್ಲೇ ಇರಬಹುದಿತ್ತು.

ಆಮೇಲೆ ಬಂತು ನೀವು ಫೋನಿನಲ್ಲಿ ಕೇಳಿದ್ದ ಅದೇ ಪ್ರಶ್ನೆ. ಪಕ್ಕದ ಹಳ್ಳಿಯಲ್ಲಿ ತರಕಾರಿ ಬೆಳೆಯುವ ಒಬ್ಬ ಹಿರಿಯರು ಕೇಳಿದರು: "1995ರಲ್ಲಿ ಇಲ್ಲಿ ಅಗೆಯುವುದನ್ನು ನೋಡಿದ್ದೇನೆ. ಇಷ್ಟು ವರ್ಷಗಳಲ್ಲಿ ಇದು ಎಷ್ಟು ಅಲೆಗಳನ್ನು ಹಿಡಿದಿದೆ?"

ಒಂದೂ ಇಲ್ಲ ಎಂದೆ. ಹಾಗೆಂದು ಹೇಳಲೇಬೇಕಾಗಿತ್ತು ಅಪ್ಪ. 2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ಬಂದಾಗ ಅದನ್ನು ಹಿಡಿದದ್ದು ಅಮೆರಿಕದ ಎರಡು ಲೈಗೋ ಯಂತ್ರಗಳು. ಅವುಗಳ ತೋಳು 4 ಕಿಲೋಮೀಟರ್. ಆದರೂ ಆ ತೋಳು ಅಲುಗಿದ್ದು ಪರಮಾಣುವಿನೊಳಗಿನ ಪ್ರೋಟಾನ್ ಕಣದ ಅಗಲದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ನಮ್ಮದಕ್ಕೆ ಅಷ್ಟು ಸೂಕ್ಷ್ಮತೆ ಇಲ್ಲ. ಆದರೆ ಆ ಸಂಕೇತವನ್ನು ಕಂಪ್ಯೂಟರಿನಲ್ಲಿ ಮೊದಲು ಕಂಡವರು ನಮ್ಮ ಸಂಸ್ಥೆಯ ಮಾರ್ಕೊ ಡ್ರಾಗೊ, ಇದೇ ಹ್ಯಾನೋವರ್‌ನಲ್ಲಿ ಕುಳಿತು. ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಪರೀಕ್ಷೆಗೆಂದು ಯಾರೋ ಸೇರಿಸಿದ ಸುಳ್ಳು ಸಂಕೇತವಿರಬೇಕೆಂದು ಅವರಿಗೆ ಅನ್ನಿಸಿತಂತೆ.

ಹಿರಿಯರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ನಮ್ಮ ಸಸಿಮಡಿ ನೆನಪಾಯಿತು. ನನ್ನ ಅರೆಬರೆ ಜರ್ಮನ್‌ನಲ್ಲೇ ಹೇಳಿದೆ: ನಮ್ಮ ತಂದೆ ಭತ್ತ ಬೆಳೆಯುತ್ತಾರೆ. ಒಂದು ಮೂಲೆಯಲ್ಲಿ ಸಸಿಮಡಿ ಮಾಡಿ, ಅಲ್ಲಿಂದ ಕಿತ್ತು ಗದ್ದೆಗೆ ನಾಟಿ ಮಾಡುತ್ತಾರೆ. ಸಸಿಮಡಿಯಿಂದ ಎಷ್ಟು ಮೂಟೆ ಬಂತು ಎಂದು ಯಾರೂ ಕೇಳುವುದಿಲ್ಲ. ಈ ಕೊಳವೆಗಳೂ ಹಾಗೆಯೇ. ಬೆಳಕಿಗೆ ತನ್ನದೇ ಒಂದು ನಡುಕವಿದೆ. ಅದನ್ನು ಹಿಂಡಿ ತಗ್ಗಿಸುವ ವಿದ್ಯೆಯನ್ನು ಇಲ್ಲಿ 2010ರಿಂದ ಪಳಗಿಸಿದರು. 2019ರಿಂದ ಲೈಗೋ ಮತ್ತು ಇಟಲಿಯ ವರ್ಗೋ ಯಂತ್ರಗಳಲ್ಲಿ ಅದೇ ವಿದ್ಯೆ ಕೆಲಸ ಮಾಡುತ್ತಿದೆ, ಅದರಿಂದಾಗಿ ಅವು ಇನ್ನಷ್ಟು ದೂರದ ಅಲೆಗಳನ್ನು ಕೇಳುತ್ತಿವೆ.

ಅವರು ತಲೆಯಾಡಿಸಿ, ಎಲೆಕೋಸಿನ ಸಸಿಗಳನ್ನು ತಾವು ಹೇಗೆ ಎಬ್ಬಿಸುತ್ತಾರೆಂದು ನನಗೇ ಹೇಳಿಕೊಟ್ಟರು!

ಅಮ್ಮನಿಗೆ ಇದನ್ನು ಓದಿ ಹೇಳಿ. ಸಂತೆಯಲ್ಲಿ ಅವಳು ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾಳಲ್ಲ, ಬೆಳಕನ್ನೂ ಹೊರಬಿಡದ ಕಪ್ಪುಕುಳಿಯನ್ನು ಅರಿಯುವುದೂ ಹಾಗೆಯೇ. ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದ ಮೇಲೆ ಹೊಸ ಕುಳಿ ಕ್ಷಣಕಾಲ ಕಂಪಿಸಿ ಸುಮ್ಮನಾಗುತ್ತದೆ. ಆ ನಾದದಿಂದ ಅದರ ತೂಕವನ್ನೂ ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನೂ ಹೇಳಬಹುದು. ಕಪ್ಪುಕುಳಿ ಹೀಗೆ ಕಂಪಿಸಿ ಸುಮ್ಮನಾಗುತ್ತದೆ ಎಂಬುದನ್ನು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ನಾನು ಏಳನೆಯ ತರಗತಿಯಲ್ಲಿದ್ದಾಗ ನೀವು ನನ್ನನ್ನು ಕರೆದೊಯ್ದಿದ್ದ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಅಂದು ಅವರ ಹೆಸರೂ ನನಗೆ ಗೊತ್ತಿರಲಿಲ್ಲ. ನಲವತ್ತೈದು ವರ್ಷ ಕಾದ ಮೇಲೆ, 2015ರ ಆ ಮೊದಲ ಅಲೆಯಲ್ಲಿ, ಆ ನಾದ ನಿಜವಾಗಿ ಕೇಳಿಸಿತು. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ಅಷ್ಟರೊಳಗೆ ಆ ಸುದ್ದಿ ಅವರಿಗೆ ತಲುಪಿತ್ತು ಎಂಬುದೇ ನನಗೆ ದೊಡ್ಡ ಸಮಾಧಾನ. ನಿನ್ನೆ ಕೊನೆಯ ಗುಂಪಿಗೆ ಅವರ ಹೆಸರನ್ನು ಹಲಗೆಯ ಮೇಲೆ ಕನ್ನಡದಲ್ಲೂ ಬರೆದು ತೋರಿಸಿದೆ.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋದ ಭಾರತೀಯ ಯಂತ್ರ ಕಟ್ಟಲು 2023ರಲ್ಲಿ ಕೇಂದ್ರ ಸರ್ಕಾರ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಕೆಲಸ ಮಾಡಲು ನಮ್ಮ ಕಡೆಯ ಹುಡುಗ ಹುಡುಗಿಯರು ಬೇಕು. ಅವರಿಗೆ ಈ ವಿಷಯ ಕನ್ನಡದಲ್ಲಿ, ಕೈಯಿಂದ ಮುಟ್ಟಿ ತಿಳಿಯುವ ಹಾಗೆ ಸಿಗಬೇಕು ಎಂಬುದು ನನ್ನ ಹಟ.

ಜನವರಿಯಲ್ಲಿ ಬರುತ್ತೇನೆ. ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರನ್ನು ಒಂದು ಶನಿವಾರ ಕೇಳಿ ಇಡಿ. ಲೇಸರ್, ಕನ್ನಡಿಗಳನ್ನು ನಾನು ತರುತ್ತೇನೆ. ಅಲುಗಾಡದ ನೆಲೆ ಮಾತ್ರ ಬೇಕು, ಶಾಲೆಯ ಮೇಜುಗಳನ್ನು ನಂಬುವಂತಿಲ್ಲ. ಹಿತ್ತಲಿನಲ್ಲಿರುವ ಬಟ್ಟೆ ಒಗೆಯುವ ಹಳೆಯ ಚಪ್ಪಡಿಯನ್ನು ನಾಲ್ಕು ಜನ ಸೇರಿ ಹೊತ್ತು ತರಲು ಆದೀತೇ? ಅಮ್ಮ ಒಪ್ಪಿದರೆ ಬರೆಯಿರಿ.

ನಿಮ್ಮ ಪ್ರೀತಿಯ ಮಗಳು