ನಿನ್ನ ಮರಿಯ ಕಾಲು ಎಷ್ಟುದ್ದ ಇದೆ ಮಾರಾಯ?

ಮೈಸೂರು,
ಗುರುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಎರಡೂ ಫೋಟೋ ನೋಡಿದೆ. ಮೊದಲನೆಯದರಲ್ಲಿ ಕಾರಿನ ಬಾನೆಟ್ ಒಳಗಿಂದ ನೀನು ಎತ್ತಿಕೊಂಡ ಬೆಕ್ಕಿನ ಮರಿ, ಮೂತಿಯೆಲ್ಲ ಗ್ರೀಸು. ಎರಡನೆಯದು ಅದರ ಪಾಯಿಖಾನೆಗೆ ಅಂತ ನೀನು ಮೆಚ್ಚಿದ ಟ್ರೇ. ಮೇಲೆ ಗೂಡಿನ ಹಾಗೆ ಮುಚ್ಚಳ, ಮುಂದೆ ತೂಗುವ ಬಾಗಿಲು, ವಾಸನೆ ತಡೆಯೋಕೆ ಫಿಲ್ಟರ್. 'ಇದನ್ನೇ ತರಿಸಲಾ?' ಅಂತ ಕೇಳಿದ್ದೀಯ. ಬೇಡ ಮಾರಾಯ. ವಾಟ್ಸಾಪಿನಲ್ಲಿ ಒಂದು ಸಾಲು ಬರೆದರೆ ನೀನು ಕೇಳುವವನಲ್ಲ. ಅದಕ್ಕೇ ಈ ಪತ್ರ.

ಅಂಥದ್ದೇ ಒಂದನ್ನು ನಾನೂ ತಂದಿದ್ದೆ. 2,200 ರೂಪಾಯಿ. ನಮ್ಮ ಬೆಕ್ಕು ಕಡ್ಲೆ ಮನೆಗೆ ಬಂದಾಗ ಅವಳಿಗೆ ಐದು ವಾರ ಇರಬೇಕು. ಊಟ ಆದಮೇಲೆ ಎತ್ತಿಕೊಂಡು ಹೋಗಿ ಆ ಅರಮನೆಯ ಮುಂದೆ ಬಿಟ್ಟೆ. ಮುಂಗಾಲು ಎರಡನ್ನೂ ಅಂಚಿನ ಮೇಲೆ ಇಟ್ಟಳು. ಹೊಟ್ಟೆ ಅಂಚಿಗೆ ಸಿಕ್ಕಿಕೊಂಡಿತು. ಹಿಂಗಾಲು ಗಾಳಿಯಲ್ಲಿ ಈಜುತ್ತಿದ್ದವು. ಅಷ್ಟರಲ್ಲಿ ಆ ತೂಗುವ ಬಾಗಿಲು ವಾಪಸ್ ಬಂದು ತಲೆಗೆ ಟಪ್ ಅಂತ ಬಡಿಯಿತು. ಮುಗೀತು. ಅಲ್ಲಿಂದ ಜಾರಿ ಬಿದ್ದವಳು ನೇರ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಹೋಗಿ ಕೆಲಸ ಮುಗಿಸಿದಳು. ಮೂರು ದಿನ ಅದೇ ಜಾಗ.

ಮರಿಗೆ ಬುದ್ಧಿ ಇಲ್ಲ ಅಂತ ನಾನು ಬೈದುಕೊಂಡು ಒರೆಸಿದೆ. ನಾಲ್ಕನೇ ದಿನ ಯಾಕೋ ಮಗಳ ಜಾಮೆಟ್ರಿ ಬಾಕ್ಸಿನಿಂದ ಸ್ಕೇಲ್ ತಗೊಂಡು ಅಳೆದೆ. ಟ್ರೇಯ ಅಂಚು ಐದು ಇಂಚು. ಕಡ್ಲೆಯ ಹೊಟ್ಟೆ ನೆಲದಿಂದ ಎರಡೂವರೆ ಇಂಚು. ಕುತ್ತಿಗೆ ಮಟ್ಟದ ಗೋಡೆ ಹತ್ತಿ ಪಾಯಿಖಾನೆಗೆ ಹೋಗು ಅಂದರೆ ನೀನು ಹೋಗ್ತೀಯಾ? ಅದೂ ಅವಸರದಲ್ಲಿ?

ಅವತ್ತು ಸಂಜೆ ನಮ್ಮ ರಸ್ತೆಯ ನರ್ಸರಿಗೆ ಹೋಗಿ, ಹೂಕುಂಡದ ಕೆಳಗೆ ನೀರು ನಿಲ್ಲೋಕೆ ಇಡುತ್ತಾರಲ್ಲ, ಆ ಪ್ಲಾಸ್ಟಿಕ್ ತಟ್ಟೆ ತಂದೆ. ಇರೋದರಲ್ಲೇ ದೊಡ್ಡದು. ಅಂಚು ಎರಡು ಇಂಚಿಗಿಂತ ಕಮ್ಮಿ. 80 ರೂಪಾಯಿ. ಇಟ್ಟ ಹತ್ತು ನಿಮಿಷಕ್ಕೆ ಕಡ್ಲೆ ನಡೆದು ಬಂದಳು, ಕೆರೆದಳು, ಕೂತಳು, ಮುಚ್ಚಿದಳು. ಆಮೇಲೆ ನನ್ನ ಮುಖ ನೋಡಿದಳು. ಆ ನೋಟ ಇನ್ನೂ ನೆನಪಿದೆ. ಮುಚ್ಚಳದ ಅರಮನೆಯಲ್ಲಿ ಈಗ ನಮ್ಮನೆಯವಳು ಈರುಳ್ಳಿ ಇಡುತ್ತಾಳೆ. ಅದನ್ನು ಯಾರೂ ಬಳಸೇ ಇರಲಿಲ್ಲವಲ್ಲ!

ಮುಚ್ಚಳ ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ. ಅದು ವಾಸನೆಯನ್ನು ನಮ್ಮ ಮೂಗಿನಿಂದ ತಡೆಯುತ್ತದೆ, ಬೆಕ್ಕಿನ ಮೂಗಿನಿಂದ ಅಲ್ಲ. ಉಚ್ಚೆಯ ಘಾಟೆಲ್ಲ ಒಳಗೇ ನಿಲ್ಲುತ್ತದೆ. ಕಾಣಿಸದೆ ಇದ್ದರೆ ನಾವೂ ತೆಗೆಯೋದು ಮರೀತೀವಿ.

ಇನ್ನು ಒಳಗೆ ತುಂಬುವ ಮಣ್ಣು. ನೀರು ಬಿದ್ದರೆ ಗಟ್ಟಿ ಉಂಡೆಯಾಗುವ ಬೆಂಟೊನೈಟ್ ಜೇಡಿಮಣ್ಣೇ ಅಂಗಡಿಯಲ್ಲಿ ಜಾಸ್ತಿ ಸಿಗೋದು. ದೊಡ್ಡ ಬೆಕ್ಕಿಗೆ ಸರಿ, ನಿನ್ನ ಮರಿಗೆ ಈಗಲೇ ಬೇಡ. ಈ ವಯಸ್ಸಿನ ಮರಿಗಳು ಕಂಡಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಟ್ರೇಯಲ್ಲಿ ಉಂಡೆಯಾಗುವ ಮಣ್ಣು ಹೊಟ್ಟೆಯೊಳಗೂ ಉಂಡೆಯಾಗಿ ಕರುಳಿಗೆ ಅಡ್ಡ ಕೂರಬಹುದು. ಮೂರು ನಾಲ್ಕು ತಿಂಗಳಾಗುವ ತನಕ ಮರದ ಹೊಟ್ಟಿನ ಪೆಲೆಟ್, ಅಂದರೆ ಒತ್ತಿ ಮಾಡಿದ ಗುಳಿಗೆ, ಅಥವಾ ಕಾಗದದ ಪೆಲೆಟ್ ತಗೋ. ಒಂದು ಇಂಚು, ಒಂದೂವರೆ ಇಂಚು ಹಾಕಿದರೆ ಸಾಕು. ಲ್ಯಾವೆಂಡರ್, ನಿಂಬೆ ಪರಿಮಳದ್ದು ಮಾತ್ರ ತರಬೇಡ. ಸಾಮಿಲ್ಲಿನ ಹೊಟ್ಟನ್ನು ನಾನೇ ಒಮ್ಮೆ ಚೀಲದಲ್ಲಿ ತಂದಿದ್ದೆ. ಧೂಳಿಗೆ ಕಡ್ಲೆಗೂ ಸೀನು, ನನಗೂ ಸೀನು.

ನಿನಗೆ ನೆನಪಿದೆಯಾ, ತೀರ್ಥಹಳ್ಳಿಯಲ್ಲಿ ನಮ್ಮಜ್ಜಿ ಮನೆಯ ಬೆಕ್ಕು? ಬಚ್ಚಲೊಲೆಯ ಬೂದಿ ಸುರಿಯುವ ಗುಂಡಿಯೇ ಅದಕ್ಕೆ ಎಲ್ಲ. ಮಳೆಗಾಲದಲ್ಲಿ ಅಂಗಳದ ಮಣ್ಣೆಲ್ಲ ರಾಡಿಯಾದಾಗಲೂ ಅಲ್ಲಿಗೇ ಓಡುತ್ತಿತ್ತು. ಅಮೆರಿಕದಲ್ಲೂ ಹಿಂದೆ ಮನೆಯೊಳಗೆ ಬೆಕ್ಕು ಸಾಕಿದವರು ಬೂದಿ, ಮರಳು, ಮರದ ಹೊಟ್ಟನ್ನೇ ಇಡುತ್ತಿದ್ದರು. 1947ರಲ್ಲಿ ಮಿಶಿಗನ್ನಿನ ಎಡ್ ಲೋ ಅನ್ನುವವನ ಹತ್ತಿರ ಪಕ್ಕದ ಮನೆಯಾಕೆ ಬೆಕ್ಕಿಗೆ ಮರಳು ಕೇಳಿಕೊಂಡು ಬಂದಳಂತೆ. ಅವಳ ಮನೆಯ ಮರಳು ಚಳಿಗೆ ಹೆಪ್ಪುಗಟ್ಟಿತ್ತು. ಅವನ ಹತ್ತಿರ ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಿಸೋಕೆ ಮಾರುವ ಜೇಡಿ ಇತ್ತು, ನಮ್ಮ ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದು. ಅದನ್ನೇ ಕೊಟ್ಟ. ಆಕೆ ಮತ್ತೆ ಅದನ್ನೇ ಕೇಳಿಕೊಂಡು ಬಂದಳು. ಬೂದಿಯ ಹಾಗೆ ಮನೆ ತುಂಬ ಹೆಜ್ಜೆ ಗುರುತು ಬೀಳುತ್ತಿರಲಿಲ್ಲವಲ್ಲ. ಅಲ್ಲಿಂದ ಶುರುವಾಯಿತು ಈ ವ್ಯಾಪಾರವೆಲ್ಲ.

ಎಲ್ಲಿಡೋದು? ನಿಮ್ಮ ಬಾತ್‌ರೂಮು ಯಾವಾಗಲೂ ಒದ್ದೆ, ಅಲ್ಲಿ ಬೇಡ. ವಾಷಿಂಗ್ ಮಷೀನ್ ಪಕ್ಕವೂ ಬೇಡ. ಅದು ಗಡಗಡ ಅಂದಾಗ ಮರಿ ಕೂತಿದ್ದರೆ ಮತ್ತೆ ಆ ಕಡೆ ತಲೆ ಹಾಕಲ್ಲ. ಊಟದ ತಟ್ಟೆಯಿಂದ ದೂರ ಇರಲಿ, ಆದರೆ ಮರಿ ಮಲಗುವ ರೂಮಿನಲ್ಲೇ ಇರಲಿ. ಇಷ್ಟು ಚಿಕ್ಕದಕ್ಕೆ ಹಾಲ್ ದಾಟಿ ಹೋಗುವಷ್ಟು ತಡೆದುಕೊಳ್ಳೋಕೆ ಆಗಲ್ಲ. ಸಾಧ್ಯವಾದರೆ ಎರಡು ಇಡು, ಬೇರೆ ಬೇರೆ ಮೂಲೆಯಲ್ಲಿ. 80 ರೂಪಾಯಿ ತಾನೇ.

ಕಲಿಸೋದೇನೂ ಇಲ್ಲ. ಉಂಡ ಮೇಲೆ, ಎದ್ದ ಮೇಲೆ, ಆಟ ಆಡಿದ ಮೇಲೆ ಎತ್ತಿ ಅದರಲ್ಲಿ ಬಿಡು. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಅಂತೀವಲ್ಲ, ಹಾಗೆ ಮೂಸುತ್ತಾ ಅತ್ತಿತ್ತ ತಿರುಗಿದರೂ ಎತ್ತಿ ಬಿಡು. ಅದರ ಕಾಲು ಹಿಡಿದು ನೀನೇ ಕೆರೆಯೋಕೆ ಹೋಗಬೇಡ. ಹೊರಗೆ ಮಾಡಿದರೆ ಒರೆಸಿದ ಬಟ್ಟೆಯ ಚೂರನ್ನು ಟ್ರೇಯಲ್ಲಿ ಹಾಕು, ವಾಸನೆಗೆ ಗೊತ್ತಾಗುತ್ತದೆ. ಭೇದಿ ಕಂಡರೆ ಮೊದಲು ಹಸುವಿನ ಹಾಲು ನಿಲ್ಲಿಸು, ಅದೇ ದಿನ ಡಾಕ್ಟರ ಹತ್ತಿರ ಹೋಗು. ಇಷ್ಟು ಚಿಕ್ಕ ಮೈಯಲ್ಲಿ ನೀರು ಎಷ್ಟಿರುತ್ತೆ ಹೇಳು.

ಮುಖ್ಯವಾದದ್ದು ಈಗ ಹೇಳ್ತೀನಿ. ಒಂದು ಭಾನುವಾರ ನಾನು ಭಾರಿ ಶುದ್ಧ ಮಾಡುವವನ ಹಾಗೆ ಆ ತಟ್ಟೆಯನ್ನು ಫಿನಾಯಿಲ್ ಹಾಕಿ ತೊಳೆದೆ. ಎರಡು ದಿನ ಕಡ್ಲೆ ಅದರ ಹತ್ತಿರ ಸುಳಿಯಲಿಲ್ಲ. ಚುಚ್ಚುಮದ್ದಿಗೆ ಹೋದಾಗ ಡಾಕ್ಟರಿಗೆ ಹೇಳಿದರೆ ಅವರು, 'ಹತ್ತಿರ ಹೋಗದೇ ಇದ್ದಿದ್ದೇ ಒಳ್ಳೇದಾಯ್ತು' ಅಂದರು. ಕೆಲವು ಫಿನಾಯಿಲ್‌ಗಳಲ್ಲಿ ಇರುವ ಫಿನಾಲಿನ ಜಾತಿಯ ವಸ್ತುಗಳನ್ನು ಬೆಕ್ಕಿನ ಲಿವರ್ ನಮ್ಮ ಹಾಗೆ ಕರಗಿಸಿ ಹೊರಹಾಕಲಾರದಂತೆ. ಪಾದಕ್ಕೆ ಅಂಟುತ್ತದೆ, ಅದು ಪಾದ ನೆಕ್ಕುತ್ತದೆ, ಅಲ್ಲಿಗೆ ವಿಷ ಒಳಗೆ ಹೋದ ಹಾಗೆ. ಸೋಪು, ಬಿಸಿನೀರು, ಬಿಸಿಲು. ಬೇರೇನೂ ಬೇಡ. ನೆಲ ಒರೆಸುವ ನೀರಿಗೂ ಹಾಕಬೇಡ ಅಂತ ಅಮ್ಮನಿಗೂ ಹೇಳು.

ನಿನ್ನ ತಂಗಿ ಏಳನೇ ತಿಂಗಳಿಗೆ ಬರುತ್ತಾಳೆ, ಅದಕ್ಕೆ ಅಮ್ಮ ಬೆಕ್ಕು ಬೇಡ ಅಂತಿದ್ದಾರೆ ಅಂದೆಯಲ್ಲ. ಅವರ ಹೆದರಿಕೆ ಸುಮ್ನೆ ಅಲ್ಲ. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಹೇಲಿನಲ್ಲಿ ಇರಬಹುದು. ಆದರೆ ಅದು ಹೊರಬಂದು ಸೋಂಕು ಹರಡುವ ಹಾಗೆ ಆಗೋಕೆ ಒಂದರಿಂದ ಐದು ದಿನ ಬೇಕು. ಅದಕ್ಕೇ ದಿನಕ್ಕೆ ಎರಡು ಸಲ ಸಣ್ಣ ಸಲಿಕೆಯಲ್ಲಿ ತೆಗೆದು ಬಿಸಾಡು, ಕೈ ತೊಳೆದುಕೋ. ಆ ಕೆಲಸ ನಿನ್ನದು, ತಂಗಿ ಮುಟ್ಟುವುದೇ ಬೇಡ. ಅವಳ ಡಾಕ್ಟರಿಗೂ ಒಂದು ಮಾತು ಹೇಳಿಡಿ.

ಮರಿ ಬೇಗ ಬೆಳೆಯುತ್ತದೆ. ಬಾಲ ಬಿಟ್ಟು ಮೂತಿಯಿಂದ ಬುಡದವರೆಗೆ ಎಷ್ಟುದ್ದವೋ ಅದರ ಒಂದೂವರೆ ಪಟ್ಟು ಉದ್ದದ ಟ್ರೇ ಬೇಕು. ಒಂದೂವರೆ ಅಡಿ ಬೆಕ್ಕಿಗೆ ಎರಡೂಕಾಲು ಅಡಿ. ನಾನು ಅಂಗಡಿಗಳಲ್ಲಿ ನೋಡಿದ ಯಾವ ಟ್ರೇಯೂ ಅಷ್ಟುದ್ದ ಇರಲಿಲ್ಲ. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು, ಒಂದು ಕಡೆ ಬಿಸಿ ಚಾಕುವಿನಲ್ಲಿ ಕೊಯ್ದು, ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ. ಕಡ್ಲೆಗೆ ಈಗ ಮೂರು ವರ್ಷ, ಅದೇ ನಡೀತಿದೆ.

ಇವತ್ತು ರಾತ್ರಿ ಮರಿಯ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು ಕಳಿಸು. ಆ ಹೂಕುಂಡದ ತಟ್ಟೆ ಇನ್ನೂ ನನ್ನ ಹತ್ತಿರ ಇದೆ, ಭಾನುವಾರ ಬರುವಾಗ ತರ್ತೀನಿ. ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಫಿನಾಯಿಲ್ ಹಾಕಿಲ್ಲ.

ನಿನ್ನ
ಕಡ್ಲೆಯ ಅಪ್ಪ